ಹಾಲೇಶ ಬಂದ ದಿನ

ಜುಲೈ 14, ಸೋಮವಾರ

ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅಂಗಡಿಯಲ್ಲಿ ವೈರ್ ಸುತ್ತೋದೇ ಕೆಲಸ. ಮೈಕಿನ ಹಾರ್ನುಗಳ ಒಳಗೆ ಜೇಡ ಬಲೆ ಕಟ್ಟಿತ್ತು, ಬಟ್ಟೆ ಹಾಕಿ ತೆಗೆದೆ.

ತಿಮ್ಮಪ್ಪಣ್ಣನ ಸೌಂಡ್ಸ್ ಅಂಗಡಿ ಸೇರಿ ಎರಡೂವರೆ ವಾರ. ಶಾಲೆ ಬಿಟ್ಟು ಮೂರು. ನಡುವೆ ಎರಡು ದಿನ ಪಂಕ್ಚರ್ ಅಂಗಡಿ, ಒಂದು ದಿನ ಬೇಕರಿ. ಕೂತಲ್ಲಿ ಕೂರೋಕಾಗಲ್ಲ ನನಗೆ. ಇಲ್ಲಿ ಹೇಗೋ ನಿಂತಿದ್ದೇನೆ.

ಸಂಜೆ ಪ್ರಭುಲಿಂಗ ಬಂದ. ಹತ್ತನೇ ಕ್ಲಾಸಲ್ಲಿ ನನ್ನ ಮುಂದಿನ ಬೆಂಚಿನವನು. ಬ್ಯಾಗ್ ಕೂಡ ಇಳಿಸಲಿಲ್ಲ.

"ಲೇ ಆಲೇಶ, ದಿನಾ ನಿನ್ ಅಟೆಂಡೆನ್ಸ್ ಬೀಳ್ತೈತೆ ಕಣಲೇ."

"ಯಾರು ಆಕ್ತಾರೆ?"

"ಲಕ್ಷ್ಮೀಕಾಂತ್ ಸಾ ನಿನ್ ಎಸ್ರು ಕೂಗ್ತಾರೆ. ಇಂದ್ಲಿಂದ ಆಜರ್ ಅಂತ ಬರ್ತೈತೆ. ಪಿ ಆಕ್ತಾರೆ."

ತಮಾಷೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಜುಲೈ 15

ಶಾಲೆ ಯಾಕೆ ಬಿಟ್ಟೆ ಅಂತ ಎಲ್ಲರಿಗೂ ಒಂದೊಂದು ಹೇಳಿದ್ದೇನೆ. ಇಲ್ಲಿ ಇದ್ದದ್ದು ಇದ್ದಂಗೆ ಬರೀತೀನಿ.

ನಮ್ಮ ಕೇರಿಯಲ್ಲಿ ಯಾರ ಬಾಯಲ್ಲೂ ಹ ಇಲ್ಲ. ಬಸ್ಸಿನ ಬೋರ್ಡಲ್ಲಿ ಹೊಳಲ್ಕೆರೆ ಅಂತ ಇರುತ್ತೆ, ಕಂಡಕ್ಟರ್ ಕೂಗೋದು ಒಳಲ್ಕೆರೆ. ಹಾಲು ಅಂದರೆ ಆಲು. ನಾನು ಆಲೇಶ. ಬರೆಯುವಾಗ ತಪ್ಪಲ್ಲ. ಹ ಕೈಗೆ ಬರುತ್ತೆ, ಬಾಯಿಗೆ ಬರಲ್ಲ.

ಲಕ್ಷ್ಮೀಕಾಂತ್ ಸರ್ ಕನ್ನಡಕ್ಕೆ, ನಮ್ಮ ಕ್ಲಾಸ್ ಟೀಚರ್ ಕೂಡ. ಅವರ ಹತ್ತಿರ ಎಸ್ ಸರ್ ಅನ್ನಂಗಿಲ್ಲ. ಹಾಜರ್ ಅನ್ನಬೇಕು. ಅರ್ಧ ಕ್ಲಾಸು ಆಜರ್ ಅಂತಲೇ ಅನ್ನೋದು. ಸರ್ ಕಿವಿಗೆ ಬೀಳೋದು ಮಾತ್ರ ನನ್ನದು, ಹೆಸರಲ್ಲೂ ಹ ಇರೋದು ನನಗೊಬ್ಬನಿಗೇ.

"ಆಲೇಶ ಅಂತ ರಿಜಿಸ್ಟರ್‌ನಲ್ಲಿ ಯಾರೂ ಇಲ್ಲವಲ್ಲಪ್ಪ. ಹಾಲೇಶ ಅಂತ ಒಬ್ಬ ಇದಾನೆ. ಅವನು ಬಂದ ದಿನ ಪಿ ಹಾಕೋಣ. ಆಲೇಶನಿಗೆ ಎ."

ಕ್ಲಾಸು ನಗ್ತಿತ್ತು. ಮೊದಲ ಸಲ ನಾನೂ ನಕ್ಕೆ. ಒಂಬತ್ತನೇ ಕ್ಲಾಸು ಪೂರ್ತಿ ಹಾಗೇ ಹೋಯ್ತು, ಎದುರಿಗೇ ಕೂತಿರ್ತಿದ್ದೆ, ಎ. ಹೇಗೋ ಹತ್ತಕ್ಕೆ ಹಾಕಿದರು. ಜೂನ್ ಇಪ್ಪತ್ತಮೂರಕ್ಕೆ ಸರ್ ಅಂದರು, "ನೀನು ಬಂದ್ರೂ ಒಂದೇ, ಬಿಟ್ರೂ ಒಂದೇ. ಹಾಲೇಶನನ್ನ ಕಳಿಸು ಹೋಗು."

ಎದ್ದು ಬಂದೆ.

ಕಳಿಸಿಲ್ಲ. ನಾನು ಯಾರನ್ನೂ ಕಳಿಸಿಲ್ಲ.

ಜುಲೈ 19, ಶನಿವಾರ

"ಒಂದ್ಸಲ ತಿರುಗಿ ನೋಡಲೇ" ಅಂತ ಪ್ರಭುಲಿಂಗನಿಗೆ ಹೇಳಿದ್ದೆ. ಸರ್ ಡಸ್ಟರ್ ಎಸೀತಾರೆ ಅಂತ ಹೆದರ್ತಿದ್ದ. ಇವತ್ತು ನೋಡಿದನಂತೆ.

"ಯಾರೂ ಇಲ್ಲ ಕಣಲೇ. ನಿನ್ ಜಾಗ ಖಾಲಿ."

"ಮತ್ತೆ?"

"ಕೈ ಇಟ್ಟೆ. ಬೆಂಚ್ ಬೆಚ್ಚಗಿತ್ತು."

ಹೋಗುವಾಗ ಅಂದ, "ದನಿ ನಿಂದೇ. ಆದ್ರೆ ಅದು ಆಜರ್ ಅನ್ನಲ್ಲ. ಸಾ ಅಂತಾರಲ್ಲ... ಅಂಗೆ ಅಂತೈತೆ." ಆ ಅಕ್ಷರ ಅವನ ಬಾಯಿಗೂ ಬರಲ್ಲ. ಅಂಗೈ ಬಾಯಿ ಮುಂದೆ ಹಿಡಿದು ಉಸಿರು ಬಿಟ್ಟು ತೋರಿಸಿದ.

ಜುಲೈ 22

ಗ್ರಾಮಸಭೆಗೆ ಮೈಕ್ ಕಟ್ಟಿದೆವು. ತಿಮ್ಮಪ್ಪಣ್ಣ ಏಣಿ ಮೇಲೆ, ನಾನು ಕೆಳಗೆ. ಎಂದಿನಂತೆ "ಅಲೋ ಅಲೋ ಮೈಕ್ ಟೆಸ್ಟಿಂಗ್" ಅಂದೆ. ಮೊದಲ ದಿನ ನಾಚಿಕೊಂಡಾಗ ತಿಮ್ಮಪ್ಪಣ್ಣನೇ ಅಂದಿದ್ದ, "ಅಲೋ ಅಂದ್ರೂ ಮೈಕಿಗೆ ಕೇಳ್ತೈತೆ ಬಿಡಲೇ. ಅದೇನು ಮೇಷ್ಟ್ರಾ?" ಆ ಮಾತಿಗೇ ಇಲ್ಲಿ ಉಳಿದದ್ದು.

ಇವತ್ತು ಮೇಲಿನಿಂದ ಕೂಗಿದ, "ಏನಲೇ, ಭಾಳ ಶುದ್ಧ ಇವತ್ತು! ಟ್ಯೂಷನ್ನಿಗೆ ಓಗ್ತಿದೀಯ?"

ಹಾರ್ನಿನಿಂದ ಹಲೋ ಅಂತ ಬಂದಿತ್ತು. ನನಗೂ ಕೇಳಿಸಿತು. ಪೂರ್ತಿ ಹ.

ನಾನು ಅಂದದ್ದು ಅಲೋ. ಬರೆದಿಡುತ್ತಿದ್ದೇನೆ. ಅಲೋ.

ಜುಲೈ 28, ಸೋಮವಾರ

ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಬೇಕು ಅಂತ ಇದೆ. ಅದಕ್ಕೆ ಟಿಸಿ ಬೇಕು ಅಂದರು. ಶಾಲೆಗೆ ಹೋದೆ.

ಹೆಡ್‌ಮಿಸ್ ಯಶೋದಾ ಮೇಡಂ ರಿಜಿಸ್ಟರ್ ತಿರುವಿದರು. "ಶಾಲೆ ಬಿಟ್ಟೋನಿಗೆ ಟಿಸಿ ಕೊಡಬೋದು. ಈ ಹುಡುಗ ಬಿಟ್ಟಿಲ್ಲವಲ್ಲ." ನನ್ನ ಸಾಲು ತೋರಿಸಿದರು. ಪಿ ಪಿ ಪಿ ಪಿ. ಕಿರುಪರೀಕ್ಷೆಯ ಹಾಳೆಯೂ ಇತ್ತು. ನನ್ನ ಕೈಬರಹ. ಇಪ್ಪತ್ತೈದಕ್ಕೆ ಇಪ್ಪತ್ಮೂರು. ನಾನು ಬರೆದಿಲ್ಲ.

ಲಕ್ಷ್ಮೀಕಾಂತ್ ಸರ್ ಬಂದರು. ಹಂಗಿಸ್ತಾರೆ ಅಂತ ಹಲ್ಲು ಕಚ್ಚಿ ನಿಂತೆ. ಹಂಗಿಸಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ನೋಡಿದರು, ಬಸ್‌ಸ್ಟ್ಯಾಂಡಲ್ಲಿ ಗುರುತಿಲ್ಲದವರನ್ನು ನೋಡೋ ಹಾಗೆ.

"ಹಾಲೇಶ್ ಕ್ಲಾಸಲ್ಲಿ ಇದಾನೆ. ನೀವ್ಯಾರಪ್ಪ?"

ನೀವು ಅಂದರು. ಎರಡು ವರ್ಷದಲ್ಲಿ ಮೊದಲ ಸಲ.

ಆಗಸ್ಟ್ 4

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಅವ್ವ ಪಾತ್ರೆ ಉಜ್ಜುತ್ತಿದ್ದಳು.

"ಈಗ್ತಾನೆ ಉಂಡ್ಕಂಡು ಓದೆಯಲ್ಲೋ. ಮತ್ತೆ ಅಸಿವಾ?"

"ಯಾರು ಬಂದಿದ್ರು ಅವ್ವ?"

"ನೀನೇ. ಉಡುಗಾಟ ಆಡ್ತೀಯ? ಒಳ್ಳೆ ಮೇಷ್ಟ್ರು ಕೇಳ್ದಂಗೆ ಆಲು ಕೇಳ್ದೆ. ನನಗೇ ನಗು ಬಂತು." ಅವಳೂ ಅಂಗೈ ಬಾಯಿ ಮುಂದೆ ಹಿಡಿದು ಉಸಿರು ಬಿಟ್ಟಳು.

ನನ್ನ ತಟ್ಟೆ ತೊಳೆದು ಬೋರಲು ಹಾಕಿತ್ತು. ಒದ್ದೆ ಇನ್ನೂ ಆರಿರಲಿಲ್ಲ.

ಶಾಲೆಯಲ್ಲಿ ಇರಲಿ ಬಿಡು ಅಂದುಕೊಂಡಿದ್ದೆ. ಮನೆಗೂ ಬರುತ್ತೆ ಅಂತ ಗೊತ್ತಿರಲಿಲ್ಲ.

ಆಗಸ್ಟ್ 9

ಗೋಡೆಗೆ ನೇತುಹಾಕಿದ ಕನ್ನಡಿ ಮುಂದೆ ನಿಂತು ಹ ಅಂದೆ. ಹ ಅಂದರೆ ಕನ್ನಡಿ ಮಬ್ಬಾಗಬೇಕು. ಆಗಲಿಲ್ಲ. ಇಪ್ಪತ್ತು ಸಲ. ಗಂಟಲು ನೋವು.

ಕೈಬಿಟ್ಟು ಹಿಂದೆ ಸರಿದೆ. ಆಮೇಲೆ ಮಬ್ಬಾಯಿತು.

ಆಗಸ್ಟ್ 15, ಶುಕ್ರವಾರ

ಇವತ್ತಿಂದು ಇವತ್ತೇ ಬರೀಬೇಕು.

ಶಾಲೆಯ ಬಾವುಟದ ಕಾರ್ಯಕ್ರಮಕ್ಕೆ ನಮ್ಮದೇ ಸೌಂಡು. ತಿಮ್ಮಪ್ಪಣ್ಣ ಹಾರ್ನ್ ನೋಡ್ಕೊತಿದ್ದ, ನಾನು ಆಂಪ್ಲಿಫೈಯರ್ ಹತ್ತಿರ. ಅವ್ವನೂ ಬಂದಿದ್ದಳು, ಮಗನಿಗೆ ಬಹುಮಾನ ಐತೆ ಅಂತ ಯಾರೋ ಹೇಳಿದ್ದರಂತೆ. ಯಾರು ಅಂತ ನಾನು ಕೇಳಲಿಲ್ಲ.

ಜುಲೈಯಿಂದ ಒಂದು ದಿನವೂ ತಪ್ಪದೆ ಬಂದವರಿಗೆ ನೋಟ್‌ಬುಕ್. ಲಕ್ಷ್ಮೀಕಾಂತ್ ಸರ್ ಓದಿದರು, "ಹಾಲೇಶ್. ಬಿ." ಅಷ್ಟು ಪ್ರೀತಿಯಿಂದ ನನ್ನ ಹೆಸರು ಯಾವತ್ತೂ ಹೇಳಿರಲಿಲ್ಲ.

ಹತ್ತನೇ ಕ್ಲಾಸಿನ ಸಾಲಿನಲ್ಲಿ ಯಾರೋ ಎದ್ದ ಹಾಗೆ ಮಕ್ಕಳು ಕಾಲು ಮಡಚಿ ದಾರಿ ಬಿಟ್ಟರು. ದಾರಿಯಲ್ಲಿ ಯಾರೂ ಇರಲಿಲ್ಲ. ಅವ್ವ ಚಪ್ಪಾಳೆ ತಟ್ಟುತ್ತಿದ್ದಳು.

ಟೆಸ್ಟಿಂಗ್ ಮೈಕ್ ಕೈಯಲ್ಲೇ ಇತ್ತು. ಎದ್ದು ಹೋಗಿ ಆ ನೋಟ್‌ಬುಕ್ ನಾನೇ ಇಸ್ಕೋಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ನಾನು ಒಂದು ದಿನವೂ ಹೋಗಿಲ್ಲ. ಸ್ವಿಚ್ ಒತ್ತಿದೆ.

"ಸಾ, ಆಲೇಶ ಜೂನಿಂದ ಸ್ಕೂಲಿಗೆ ಬಂದಿಲ್ಲ. ಆ ಪಿ ಎಲ್ಲಾ ಸುಳ್ಳು. ಓದ್ವರ್ಷದ ಆ ಎ ಎಲ್ಲಾನೂ ಸುಳ್ಳು. ಆವಾಗ ದಿನಾ ಬಂದಿದ್ದೆ. ನಾನೇ ಆಲೇಶ. ಇಲ್ಲಿದೀನಿ. ಆಜರ್ ಸಾ."

ನಾಲ್ಕು ಹಾರ್ನಿನಲ್ಲೂ ಆಜರ್ ಅಂತಲೇ ಬಂತು. ಯಾರೂ ನಗಲಿಲ್ಲ. ಅವ್ವನ ಚಪ್ಪಾಳೆ ನಿಂತಿತು. ನನ್ನ ಕಡೆ ನೋಡಿದಳು, ಆಮೇಲೆ ಆ ಖಾಲಿ ದಾರಿಯ ಕಡೆ.

ಸರ್ ಇಳಿದು ಬಂದರು. ಹೊಡೀತಾರೆ ಅಂದುಕೊಂಡೆ. ಹತ್ತನೇ ಕ್ಲಾಸಿನ ಸಾಲನ್ನೇ ನೋಡುತ್ತಾ ನಿಂತರು. ಮಣ್ಣಿನಲ್ಲಿ ಒಬ್ಬ ಕೂತಿದ್ದ ಗುರುತು.

"ಇಲ್ಲೇ ಇದ್ದ" ಅಂದರು, ಮೆಲ್ಲಗೆ. "ಚೆನ್ನಾಗಿ ಓದ್ತಿದ್ದ."

ನನಗೆ ಅಳು ಬಂತು. ಯಾಕೆ ಅಂತ ಗೊತ್ತು, ಬರೆಯೋಕೆ ಮನಸ್ಸಿಲ್ಲ.

ಆಗಸ್ಟ್ 18, ಸೋಮವಾರ, ಸಂಜೆ

ಟಿಸಿ ಕೈಯಲ್ಲಿದೆ. ಹಾಲೇಶ್ ಬಿ. ಶಾಲೆ ಬಿಟ್ಟ ದಿನ ಜೂನ್ 23. ಯಶೋದಾ ಮೇಡಂ ಸಹಿ. ರಿಜಿಸ್ಟರ್‌ನಲ್ಲಿ ನನ್ನ ಸಾಲಿಗೆ ಸರ್ ಕೆಂಪು ಗೆರೆ ಎಳೆದರು. ಸ್ಕೇಲ್ ಇಟ್ಟು ಎಳೆದರೂ ಸೊಟ್ಟಗೆ ಬಂತು.

ಪ್ರಭುಲಿಂಗ ಹೇಳಿದ, ಇವತ್ತು ನನ್ನ ಹೆಸರು ಕೂಗಲಿಲ್ಲ, ಯಾರೂ ಉತ್ತರ ಕೊಡಲಿಲ್ಲ. "ಬೆಂಚ್ ತಣ್ಣಗೈತೆ ಕಣಲೇ." ಖುಷಿಯಿಂದ ಹೇಳಿದ. ಅಲ್ಲಿಂದ ಎದ್ದು ಎಲ್ಲಿಗೆ ಹೋಯ್ತು ಅಂತ ಅವನು ಯೋಚಿಸಿಲ್ಲ.

ಅಂಗಡಿಯಲ್ಲಿ ಮೈಕ್ ಹಾಕಿ ಅಲೋ ಅಂದು ನೋಡಿದೆ. ಅಲೋ ಅಂತಲೇ ಬಂತು. ಮೂರು ಸಲ. ಸರಿ ಇದೆ. ಎಲ್ಲಾ ಸರಿ ಇದೆ. ಹ ಇದ್ದರೆ ಅದು, ಇಲ್ಲದಿದ್ದರೆ ನಾನು. ಅಷ್ಟು ಸುಲಭ.

ಈಗ ಮನೆಯ ಹಿಂದಿನ ಕಟ್ಟೆ ಮೇಲೆ ಕೂತು ಬರೀತಿದ್ದೇನೆ. ಅವ್ವ ಒಳಗಿಂದ ಕೂಗಿದಳು, "ಆಲೇಶಾ, ಉಣ್ಣಾಕೆ ಬಾರೋ."

"ಬಂದೆ ಅವ್ವಾ."

ಅಂದದ್ದು ನಾನಲ್ಲ. ನಾನಿನ್ನೂ ಬಾಯಿ ತೆರೆದಿಲ್ಲ.

ಬಂದೆ ಅವ್ವಾ. ಎಷ್ಟು ಸಲ ಬರೆದು ನೋಡಿದರೂ ಇದರಲ್ಲಿ ಹ ಇಲ್ಲ. ಅವ್ವನಿಗೆ ಹೇಗೆ ಗೊತ್ತಾಗ

ತಟ್ಟೆ ಇಟ್ಟ ಸದ್ದು. ಒಂದೇ ತಟ್ಟೆ. ನಾನೂ ಕೂಗ್ತೀನಿ, ಈಗಲೇ, ಅವ್ವಾ ನಾನು