ಅಮ್ಮನ ಕೌದಿಯ ನಿನ್ನ ಪಾಲು

ಆರ್ಲೆಟಾ,

ನೀನು ತೀರಿಕೊಂಡ ಮೇಲೆ ಒಂದು ದಿನ ಅಂಗಳದ ಹಂಡೆಯಲ್ಲಿ ಸೇಬಿನ ಪಾಕ ಮಗುಚುತ್ತಿದ್ದೆ, ನಿನ್ನ ಮಗಳು ನೋರೀನ್ ಬಂದಳು. ನಾವಿಬ್ಬರೂ ಜಗಳವಾಡಿ ಕತ್ತರಿಸಿಕೊಂಡ ನಮ್ಮಮ್ಮನ ಕೌದಿಯಲ್ಲಿ ನಿನ್ನ ಪಾಲನ್ನು ತಂದಿದ್ದಳು.

"ಅಮ್ಮ ಸಾಯೋವಾಗ್ಲೂ ಇದನ್ನೇ ಹೊದ್ಕೊಂಡಿದ್ಲು, ದೊಡ್ಡಮ್ಮ. ಇನ್ನಾದ್ರೂ ಎರಡನ್ನೂ ಸೇರಿಸಿ ಹೊಲಿ."

ಪೆಟ್ಟಿಗೆಯಿಂದ ನನ್ನದನ್ನೂ ತಂದು, ಮೇಪಲ್ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಪಕ್ಕಪಕ್ಕ ಹರವಿದೆ. ನಿನ್ನದು ಮಕ್ಕಳೆಲ್ಲ ಹೊದ್ದು, ಒಗೆದು ಒಗೆದು ಬಣ್ಣಗೆಟ್ಟು ಗೇಣುದ್ದ ಕುಗ್ಗಿತ್ತು. ನನ್ನದು ಪ್ರತಿ ಶರತ್ಕಾಲ ಗಾಳಿಗೆ ಹಾಕಿ, ಗೆರೆ ಬೀಳದಂತೆ ಮಡಿಕೆ ಬದಲಿಸಿ ಇಟ್ಟದ್ದು, ಹೊಸದರಂತಿತ್ತು.

ನೋರೀನ್ ಅಂಚಿಗೆ ಅಂಚು ಹಿಡಿದು ನಕ್ಕಳು. "ಏನ್ ದೊಡ್ಡಮ್ಮ, ದೊಡ್ಡ ತುಂಡು ನೀನೇ ಹೊಡ್ಕೊಂಡ್ಯಾ?"

ಹೂಂ ಅಂದುಬಿಟ್ಟೆ. ಅಳತೆಪಟ್ಟಿ ಹಿಡಿದು ಸರಿಸಮ ಕತ್ತರಿಸಿದ್ದು ಗೊತ್ತಿದ್ದವಳು ನೀನೊಬ್ಬಳೇ. ಒಂದು ರಾತ್ರಿಯೂ ನನ್ನ ಪಾಲನ್ನು ಯಾರಿಗೂ ಹೊದಿಸಲಿಲ್ಲ ಎನ್ನುವುದಕ್ಕಿಂತ ಕಳ್ಳಿ ಅನ್ನಿಸಿಕೊಳ್ಳುವುದೇ ಸುಲಭವಾಗಿತ್ತು.