ಭುಜದ ಮೇಲಿನ ನೂಲು

ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಮ್ಮ ಟೆಲಿಫಿಲ್ಮ್ ನೋಡಿ ನೀನು ಬರೆದ ಪತ್ರ ಬಂತು. "ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೂ ಗಂಡನನ್ನ ಹೀಗೆ ನೋಡ್ತೀಯಲ್ಲೇ, ಸ್ವಲ್ಪ ನಾಚಿಕೆ ಇಟ್ಕೋ" ಎಂದಿದ್ದೀಯ. ನಕ್ಕೆ. ಆಮೇಲೆ ಎರಡು ದಿನ ಉತ್ತರ ಬರೆಯಲಾಗಲಿಲ್ಲ.

ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಎಂಟು ತಿಂಗಳಿಂದ ನಾವಿಬ್ಬರೂ ಬೇರೆ ಬೇರೆ ಮನೆಯಲ್ಲಿದ್ದೇವೆ. ಜಗಳವೇನಿಲ್ಲ, ಜಗಳಕ್ಕೆ ಬೇಕಾದ ಕಸುವೂ ಉಳಿದಿರಲಿಲ್ಲ. ಚಾನೆಲ್‌ನವರಿಗೆ ಪ್ರೇಮಿಗಳ ಪಾತ್ರಕ್ಕೆ ನಿಜವಾದ ಗಂಡ ಹೆಂಡತಿಯೇ ಬೇಕಿತ್ತು. ಒಪ್ಪಿಕೊಂಡೆವು. ದಿನವೂ ನಮ್ಮ ನಮ್ಮ ಕಾರಿನಲ್ಲಿ ಬಂದು, ಸ್ಟುಡಿಯೋ ಹಿಂದಿನ ತಿರುವಿನಲ್ಲಿ ಇಳಿದು, ಜೊತೆಯಾಗಿ ಗೇಟು ದಾಟುತ್ತಿದ್ದೆವು.

ಮೊದಲ ದೃಶ್ಯ ಬಸ್ ನಿಲ್ದಾಣದ್ದು. ಗುರುತೇ ಇಲ್ಲದ ಇಬ್ಬರು ಒಂದೇ ಬೆಂಚಿನಲ್ಲಿ ಕೂರಬೇಕು. ನಮ್ಮವರ ಕೋಟಿನ ಭುಜದ ಮೇಲೊಂದು ಬಿಳಿ ನೂಲಿತ್ತು. ನನ್ನ ಕೈ ತಾನಾಗಿ ಹೋಗಿ ತೆಗೆಯಿತು.

"ಕಟ್! ಮೇಡಂ, ನಿಮಗಿನ್ನೂ ಪರಿಚಯಾನೇ ಆಗಿಲ್ಲ!" ಎಂದು ನಿರ್ದೇಶಕರು ಕೂಗಿದರು. "ಮನೇಲಿ ಅಭ್ಯಾಸ ಆಗ್ಬಿಟ್ಟಿದೆ, ಏನ್ ಮಾಡೋದು ಹೇಳಿ" ಎಂದು ನಮ್ಮವರು ಅಂದಾಗ ಎಲ್ಲರೂ ನಕ್ಕರು. ನಾನೂ. ನಾಲ್ಕನೇ ಟೇಕಿನಲ್ಲಿ ಕಾಲರ್ ಸರಿಮಾಡಿಬಿಟ್ಟೆ. ಏಳನೆಯದರಲ್ಲಿ ಎರಡೂ ಕೈಗಳನ್ನು ಬ್ಯಾಗಿನೊಳಗೆ ಹುದುಗಿಸಿ ಕೂತ ಮೇಲೆಯೇ ಓಕೆ ಆದದ್ದು.

ಕೊನೆಯ ಅಪ್ಪುಗೆ ನೋಡಿ ನಿನಗೆ ಅಳು ಬಂತಂತೆ. ಅಕ್ಕ, ಅಲ್ಲಿ ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದೆ. ಅವರೂ ಎಣಿಸುತ್ತಿದ್ದರು, ಉಸಿರಿನಲ್ಲೇ ತಿಳಿಯುತ್ತಿತ್ತು. ನೀನು ಪ್ರೀತಿ ಎಂದುಕೊಂಡದ್ದು ನಟನೆ; ನಿರ್ದೇಶಕರು ಕಟ್ ಎಂದು ನಿಲ್ಲಿಸಿದ್ದು ಏನು? ಬರೀ ಅಭ್ಯಾಸವೇ? ಯೋಚಿಸಿ ಯೋಚಿಸಿ ದಣಿದಿದ್ದೇನೆ.

ವಿಚ್ಛೇದನದ ಅರ್ಜಿ ಮೇಜಿನ ಮೇಲಿದೆ. ಬರೆಸಿದವಳು ನಾನೇ. ಸೋಮವಾರ ಸಹಿ ಮಾಡಿ ವಕೀಲರಿಗೆ ಕೊಡಬೇಕು. "ನೀನು ಹಾಕಿದ್ರೆ ನಾನೂ ಹಾಕ್ತೀನಿ" ಎಂದಿದ್ದಾರೆ ಅವರು. ಎಂದಿನಂತೆ ತೀರ್ಮಾನ ನನ್ನ ತಲೆಗೆ. ಇಷ್ಟು ವರ್ಷಗಳಲ್ಲಿ ತಮಗೆ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದವರಲ್ಲ.

ಬಯ್ಯುವುದಿದ್ದರೆ ಬರೆದೇ ಬಯ್ಯಿ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ.

ನಿನ್ನ
ಪುಟ್ಟಿ

ಬಿಟ್ಟುಹೋದ ಮಾತು: ಏಳನೇ ಟೇಕಿಗೆ ಮುಂಚೆ ಕಾಸ್ಟ್ಯೂಮ್‌ನವರು ನಮ್ಮವರ ಕೋಟಿಗೆ ಚೆನ್ನಾಗಿ ಬ್ರಷ್ ಹಾಕಿ ಹೋಗಿದ್ದರು. ನಾನು ಬೆಂಚಿನ ಬಳಿ ಬಂದಾಗ ಅದೇ ಭುಜದ ಮೇಲೆ ಮತ್ತೊಂದು ಬಿಳಿ ನೂಲಿತ್ತು. ಅವರು ನನ್ನ ಕಡೆ ನೋಡದೆ ಕೂತಿದ್ದರು. ನಾನು ತೆಗೆಯಲಿಲ್ಲ. ಸೋಮವಾರಕ್ಕೆ ಮುಂಚೆ ಅವರ ಮನೆಗೆ ಹೋಗಿ ಕೇಳಬೇಕು, ಅದನ್ನು ಅಲ್ಲಿಟ್ಟವರು ಯಾರು ಎಂದು.