ನಿನ್ನ ಭಾವನ ಎದೆನೋವು

ಎಲ್ಮಿನಾ
ಆಗಸ್ಟ್ ೧೪

ಪ್ರೀತಿಯ ತಂಗಿ ಎಕುವಾಗೆ,

ತಮಾಲೆಯಲ್ಲಿ ಮಳೆ ಹಿಡಿದಿದೆಯಂತೆ, ನೀನೂ ಮಕ್ಕಳೂ ಹುಷಾರಾಗಿದ್ದೀರಾ? ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ನಿನ್ನ ಭಾವ ಆಸ್ಪತ್ರೆಯಲ್ಲಿದ್ದರು. ಈಗ ಮನೆಗೆ ಬಂದಿದ್ದಾರೆ, ಗಾಬರಿ ಬೇಡ.

ಈಸ್ಟರ್ ಕಳೆದಾಗಿನಿಂದ ಅವರು ಆಗಾಗ ಎದೆ ಹಿಡಿದುಕೊಂಡು ಕೂರುತ್ತಿದ್ದರು. ಕೇಳಿದರೆ, "ಹುಳಿತೇಗು ಕಣೇ, ಎಲ್ಲಾ ನಿನ್ನ ಮೆಣಸಿನಕಾಯಿ ಕೆಲಸ" ಎನ್ನುತ್ತಿದ್ದರು. ನಂಬಿದೆ. ಮೀನುಸಾರಿಗೆ ಖಾರ ಹಾಕುವುದನ್ನೇ ಬಿಟ್ಟೆ. ಜೀವನವಿಡೀ ದೋಣಿ ಕೆತ್ತಿದ ಮೈಯಲ್ಲವೇ, ಸ್ನಾಯು ಹಿಡಿದಿರಬಹುದೆಂದು ಎಣ್ಣೆಯನ್ನೂ ತಿಕ್ಕಿದೆ.

ಹೋದ ತಿಂಗಳು ಗುಡ್ಡದ ಚರ್ಚಿಗೆ ಹತ್ತುವಾಗ ಬೆವರಿ ಕುಸಿದರು. ನಾನು ನೀರು ತರಲು ಓಡಿದೆ. ಬರುವಷ್ಟರಲ್ಲಿ, ದಾರಿಯಲ್ಲಿ ಜೋಳದ ಕಡುಬು ಮಾರುವ ಮಾನ್ಸಾ ಅವರ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಗೆ ಕೂಗುತ್ತಿದ್ದಳು. ನಮ್ಮ ಜೊತೆ ತಾನೂ ಹತ್ತಿ ಆಸ್ಪತ್ರೆಗೆ ಬಂದಳು. ಗಂಡ ಸತ್ತ ಹೆಂಗಸು. ಮೊಮ್ಮಕ್ಕಳಿದ್ದರೂ ಸೊಂಟ ಇನ್ನೂ ನೆಟ್ಟಗಿದೆ.

ಆಸ್ಪತ್ರೆಯಲ್ಲಿ ಡಾಕ್ಟರು, "ನೋವು ಯಾವಾಗ ಬರುತ್ತೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾನ್ಸಾ ಶುರು ಮಾಡಿದಳು: "ಏರು ಹತ್ತಿದ್ರೆ ಬರುತ್ತೆ ಡಾಕ್ಟ್ರೇ. ಎಡ ತೋಳಿಗೂ ಇಳಿಯುತ್ತೆ. ಸ್ವಲ್ಪ ಕೂತ್ರೆ ಹೋಗುತ್ತೆ."

"ನೀವು ಹೆಂಡ್ತೀನಾ?"

"ಹೆಂಡ್ತಿ ನಾನು!" ಎಂದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದರು: "ಈ ವಯಸ್ಸಲ್ಲಿ ಎದೆನೋವಿಗೆ ಹೊಟ್ಟೆಯ ಹುಳಿ ಕಾರಣ ಆಗ್ಬಹುದು, ಶ್ವಾಸಕೋಶ, ಸ್ನಾಯು, ಮನಸ್ಸಿನ ಚಿಂತೆ ಕೂಡ ಆಗ್ಬಹುದು. ಮನೇಲಿ ಕೂತು ಊಹೆ ಮಾಡ್ಬಾರ್ದು. ಇವ್ರದ್ದು ಹೃದಯದ ರಕ್ತನಾಳ ಕಿರಿದಾಗಿರೋದು. ಈಯಮ್ಮ ಸರಿಯಾಗಿ ಹೇಳಿದ್ದು ಒಳ್ಳೇದಾಯ್ತು." ತೋರಿಸಿದ್ದು ಮಾನ್ಸಾಳ ಕಡೆಗೆ.

ಮನೆಗೆ ಬಂದ ಮೇಲೆ ಕೇಳಿಯೇ ಬಿಟ್ಟೆ. "ಅವ್ಳಿಗೆ ಹೇಳೋಕೆ ನಾಲಿಗೆ ಇತ್ತು, ನಂಗೆ ಹೇಳೋಕೆ ಇರ್ಲಿಲ್ವಾ?"

"ಅವ್ಳ ಗಂಡ ಹೋಗಿದ್ದೂ ಹೀಗೇ ಅರಾಬಾ. ನನ್ನ ಮುಖ ನೋಡಿ ಅವ್ಳೇ ಕೇಳಿದ್ಲು."

"ನಾನೂ ಕೇಳಿದ್ನಲ್ಲ?"

"ನೀನು ಹೆದರ್ತೀಯ ಅಂತ..."

"ಅವ್ಳು ಹೆದರಲ್ವಾ?"

ಗೋಡೆಯ ಕಡೆ ತಿರುಗಿ ಮಲಗಿದರು.

ಮರುದಿನ ಮಾನ್ಸಾ ಕಡುಬು ತಂದಳು. "ಅಕ್ಕಾ, ಉಪ್ಪು ಕಮ್ಮಿ ಹಾಕಿದೀನಿ, ಅವ್ರಿಗೇನೂ ಆಗಲ್ಲ" ಎಂದಳು. ನಗುತ್ತಲೇ ತೆಗೆದುಕೊಂಡೆ. ಅವಳು ಬೀದಿಯ ತಿರುವು ದಾಟಿದ ಮೇಲೆ ಪಕ್ಕದ ಮನೆಯ ಮೇಕೆಗಳಿಗೆ ಹಾಕಿದೆ.

ಮಕ್ಕಳ ತಲೆ ನೇವರಿಸಿದೆನೆಂದು ಹೇಳು. ದೇವರು ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿನ್ನ ಅಕ್ಕ,
ಅರಾಬಾ

ಮರೆತಿದ್ದೆ: ನಿನ್ನೆ ಮಧ್ಯಾಹ್ನ ಅವರಿಗೆ ಮತ್ತೆ ನೋವು ಬಂತು. "ಅರಾಬಾ, ನೋಯ್ತಿದೆ ಬಾರೇ" ಎಂದು ನನ್ನನ್ನು ಕರೆದರು. ಡಾಕ್ಟರು ಕೊಟ್ಟ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟೆ, ನೋವು ಇಳಿಯಿತು. ಆದರೆ ಎಕುವಾ, ಆ ಕೂಗು ಕಿವಿಗೆ ಬಿದ್ದ ಕ್ಷಣ ನನಗೆ ಖುಷಿಯಾಯಿತು. ಭಯ ಬಂದದ್ದು ಆಮೇಲೆ. ಇದನ್ನು ಯಾರಿಗೂ ಹೇಳಬೇಡ.